ಶಾಂತಿಯ ಬೇಟೆ

"ಏಳು ತಿಂಗಳಾತು, ಒಂದು ಚೂರು ಮಾಂಸ ಮುಟ್ಟಿಲ್ಲ. ಮೊಸರನ್ನ, ಚಪಾತಿ, ಹೆಸರುಬ್ಯಾಳಿ, ಇಷ್ಟ. ಸಂಸ್ಕಾರ ಕೊಟ್ರ ನಾಯಿನೂ ಕಲೀತದ," ಎಂದು ಗುರುಬಸಪ್ಪನವರು ಹೇಳುತ್ತಿದ್ದಾಗಲೇ ಅವರ ನಾಯಿ ಶಾಂತಿ ನಿಂಬೆ ಗಿಡದ ಬುಡದಿಂದ ಒಂದು ಇಲಿಯನ್ನು ಕಚ್ಚಿಕೊಂಡು ಬಂದಿತು.

ಸ್ಯಾಂಟಾ ಕ್ಲಾರಿಟಾದ ಅವರ ಹಿತ್ತಲಲ್ಲಿ ಆ ಭಾನುವಾರ ಮಧ್ಯಾಹ್ನ ಹದಿನೈದಿಪ್ಪತ್ತು ಜನ ಕನ್ನಡದವರು ಊಟ ಮುಗಿಸಿ ಕುಳಿತಿದ್ದರು. ತಿಂಗಳಿಗೊಮ್ಮೆ ಸೇರುವ ಸತ್ಸಂಗ. ಈ ಸಲದ ವಿಷಯ ಅಹಿಂಸೆ. ಮಾತಾಡುವವರು ಮನೆಯ ಯಜಮಾನರೇ. ಶಾಂತಿ ಕೇರ್ನ್ ಟೆರಿಯರ್ ಜಾತಿಯ, ಮೊಣಕಾಲೆತ್ತರವೂ ಇಲ್ಲದ, ಕೆದರಿದ ಗೋಧಿಬಣ್ಣದ ಕೂದಲಿನ ಹೆಣ್ಣುನಾಯಿ. ಬಿಲದಲ್ಲಿ ಅಡಗಿದ್ದನ್ನು ಹೊರಗೆಳೆದು ಕೊಲ್ಲಲೆಂದೇ ಜನ ತಲೆಮಾರುಗಳಿಂದ ಸಾಕಿಕೊಂಡು ಬಂದ ತಳಿ. ಅದಕ್ಕೆ ಶಾಂತಿ ಎಂದು ಹೆಸರಿಟ್ಟವರೂ ಯಜಮಾನರೇ.

ಅದರ ಕೂದಲು ಬಾಚುವುದು, ಹಲ್ಲುಜ್ಜುವುದು, ಎರಡು ಹೊತ್ತು ತಿರುಗಾಡಿಸುವುದು, ಅದು ತೋಡಿದ ಗುಂಡಿಗಳನ್ನು ಮುಚ್ಚುವುದು ಹೆಂಡತಿ ಸೌಜನ್ಯಾಳ ಪಾಲಿಗಿತ್ತು. ಅದರ ಬಗ್ಗೆ ಭಾಷಣ ಮಾಡುವುದು ಇವರ ಪಾಲಿಗೆ. ಹೋದ ತಿಂಗಳು ನಾಯಿಯ ಡಾಕ್ಟರಮ್ಮ ಅದರ ತೂಕ ನೋಡಿ, ಹದಿಮೂರು ಪೌಂಡ್ ಇದ್ದದ್ದು ಹನ್ನೊಂದಕ್ಕಿಳಿದಿದೆ, ಬರೀ ಅನ್ನ ಚಪಾತಿಯಿಂದ ಇದು ಬದುಕುವುದಿಲ್ಲ ಎಂದಿದ್ದರು. ಸೌಜನ್ಯಾ ದಾರಿಯಲ್ಲೇ ಕೋಳಿಮಾಂಸದ ನಾಯಿಯೂಟದ ಆರು ಡಬ್ಬಿ ಕೊಂಡು ತಂದಳು. "ಕೋಳಿ ನಮ್ಮನಿ ಹೊಸ್ತಿಲಾ ದಾಟಂಗಿಲ್ಲ," ಎಂದು ಗುರುಬಸಪ್ಪನವರು ಡಬ್ಬಿಗಳನ್ನು ಅಂಗಡಿಗೆ ವಾಪಸ್ ಕೊಟ್ಟರು. ಡಾಕ್ಟರಮ್ಮನನ್ನೂ ಬದಲಾಯಿಸಿದರು.

ಈಗ ಶಾಂತಿ ಇಲಿಯನ್ನು ಒಮ್ಮೆ ಜೋರಾಗಿ ಝಾಡಿಸಿತು. ಇಲಿಯ ಕುತ್ತಿಗೆ ಮುರಿಯಿತು. ಭಾಷಣಕಾರರ ಕಾಲ ಬಳಿಯೇ ಕುಳಿತು ಶಾಂತಿ ತಿನ್ನತೊಡಗಿತು.

"ಶಿವ ಶಿವಾ!" ಗ್ಲೆಂಡೇಲ್‌ನಿಂದ ಬಂದಿದ್ದ ಅನ್ನಪೂರ್ಣವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಎಂಥಾ ಪಾಪದ ಕೆಲಸಾ ಕಣ್ಣ ಮುಂದ ನೋಡೂ ಹಂಗಾತು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುರುಬಸಪ್ಪನವರ ಮುಖ ಮೊದಲು ಕೆಂಪಾಯಿತು, ಆಮೇಲೆ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. "ಶಾಂತಿ, ಬಿಡು! ಬಿಡಂದ್ರ ಬಿಡು!" ಎಂದು ಬಗ್ಗಿದರು. ಶಾಂತಿ ಹಲ್ಲು ತೋರಿಸಿ ಗುರುಗುಟ್ಟಿತು.

"ತಿನ್ಲಿ ಬಿಡ್ರಿ," ಎಂದಳು ಸೌಜನ್ಯಾ, ಊಟದ ತಟ್ಟೆಗಳನ್ನು ಎತ್ತುತ್ತಲೇ. "ಏಳು ತಿಂಗಳಿಗೆ ಒಮ್ಮೆ ಹೊಟ್ಟಿ ತುಂಬ ಉಣ್ಣಾಕತ್ತದ."

"ತಿನ್ನಬಾರದು! ಕಸ್ಕೋ ಅದನ್ನ!"

"ಇಲಿ ಸತ್ತ ಹೋತು. ಇನ್ನ ತಿಂದ್ರೇನು, ಬಿಟ್ರೇನು?"

"ಅದರ ಹೊಟ್ಟ್ಯಾಗ ವಿಷ ಇರಬಹುದು!"

ಸೌಜನ್ಯಾ ತಟ್ಟೆಗಳನ್ನು ಕೆಳಗಿಟ್ಟಳು.

"ಯಾವ ವಿಷ?"

ಗುರುಬಸಪ್ಪನವರು ಅವಳ ಹತ್ತಿರ ಹೋಗಿ ದನಿ ತಗ್ಗಿಸಿದರು. "ಅಟ್ಟದಾಗ ಇಲಿ ವಾಯರ್ ಕಡದು ಹಾಕಿದ್ವು. ಗ್ಯಾರೇಜ್ ಹಿಂದ ಔಷಧದ ಡಬ್ಬಿ ಇಡಿಸೀನಿ. ಪೆಸ್ಟ್ ಕಂಟ್ರೋಲ್‌ನವ ತಿಂಗಳಿಗೊಮ್ಮೆ ಬಂದು ತುಂಬಿ ಹೋಗ್ತಾನ. ಹಾಕಾವ ಅವ, ನಾ ಅಲ್ಲ." ಕಾಲರಿಗೆ ಸಿಕ್ಕಿಸಿದ್ದ ಮೈಕ್ ಅಷ್ಟನ್ನೂ ಹಿತ್ತಲಿನ ಮೂಲೆ ಮೂಲೆಗೆ ಮುಟ್ಟಿಸಿತು.

ಸೌಜನ್ಯಾ ನೆಲಕ್ಕೆ ಕುಳಿತು, ಎರಡೂ ಕೈಯಿಂದ ಶಾಂತಿಯ ದವಡೆ ಬಿಡಿಸಿದಳು. ಅರ್ಧ ಇಲಿ ಆಗಲೇ ಒಳಗೆ ಹೋಗಿತ್ತು. ಉಳಿದರ್ಧವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಕಾರಿನತ್ತ ಓಡಿದಳು. ಅವಳು ಡ್ರೈವ್ ಮಾಡಿದಳು. ಹಿಂದಿನ ಸೀಟಿನಲ್ಲಿ ಗುರುಬಸಪ್ಪನವರು ಒಂದು ಕೈಯಲ್ಲಿ ಶಾಂತಿಯನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಹಿಡಿದು, ತಾವು ಇಡಿಸಿದ ವಿಷದ ಹೆಸರೇನೆಂದು ಆ ಪೆಸ್ಟ್‌ನವನನ್ನು ಕೇಳಿ ಕೇಳಿ ಬರೆದುಕೊಂಡರು.

ಎಮರ್ಜೆನ್ಸಿ ಆಸ್ಪತ್ರೆಯಲ್ಲಿ ವಾಂತಿ ಮಾಡಿಸಿದರು. ಬೇಗ ತಂದದ್ದು ಒಳ್ಳೆಯದಾಯಿತು, ಆದರೂ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗದಂತೆ ನಾಲ್ಕು ವಾರ ವಿಟಮಿನ್ ಕೆ ಗುಳಿಗೆ ಕೊಡಬೇಕು, ಕೊಬ್ಬಿರುವ ಊಟದ ಜೊತೆಗೇ ಕೊಡಬೇಕು ಎಂದರು ಅಲ್ಲಿನ ಡಾಕ್ಟರು. ಕೋಳಿಯ ಡಬ್ಬಿಯೇ ಮೇಲು, ತೂಕವೂ ಏರಬೇಕಲ್ಲ ಎಂದು ಸೇರಿಸಿದರು. "ದಿನಾ ಏನು ತಿನ್ನಿಸುತ್ತೀರಿ?" ಎಂದೂ ಕೇಳಿದರು. ಮಧ್ಯಾಹ್ನ ಅದನ್ನೇ ಮೈಕಿನಲ್ಲಿ ಹೇಳಿದ್ದ ಗುರುಬಸಪ್ಪನವರು ಈಗ ನೆಲ ನೋಡುತ್ತ ಮೊಸರನ್ನ ಎಂದು ಗೊಣಗಿದರು.

ಸಂಜೆ ಸೌಜನ್ಯಾ ಅಡಿಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಮತ್ತು ಗುಳಿಗೆ ಇಟ್ಟಳು. "ನಾ ಮುಟ್ಟಂಗಿಲ್ಲ. ಇಪ್ಪತ್ತೆಂಟು ದಿನಾನೂ ನೀವ ತಿನಸ್ರಿ."

ಗುರುಬಸಪ್ಪನವರು ಮುಖ ಆಚೆ ತಿರುಗಿಸಿ ಮುಚ್ಚಳ ಕಿತ್ತರು. ಗುಳಿಗೆಯನ್ನು ಕೋಳಿಯ ಮುದ್ದೆಯೊಳಗೆ ಬೆರಳಿನಿಂದ ಒತ್ತಿ ನೆಲಕ್ಕೆ ಕುಳಿತರು. ಶಾಂತಿ ಮೂಸಿ ನೋಡಿ, ಒಂದೇ ಗುಕ್ಕಿಗೆ ನುಂಗಿ, ಆಮೇಲೆ ಅವರ ಬೆರಳುಗಳನ್ನು ಒಂದೊಂದಾಗಿ ನೆಕ್ಕಿತು. ಅವರ ಕೈಗೆ ಅದರ ಪಕ್ಕೆಲುಬುಗಳು ತಾಗಿದವು. ಒಂದು, ಎರಡು, ಮೂರು; ಎಲ್ಲವೂ ಸಿಗುತ್ತಿದ್ದವು.

ಅಷ್ಟರಲ್ಲಿ ಫೋನ್ ಬಂತು. ಗುರುಬಸಪ್ಪನವರು ಕೈ ತೊಳೆದಿರಲಿಲ್ಲವಾದ್ದರಿಂದ ಸೌಜನ್ಯಾ ಸ್ಪೀಕರ್ ಹಾಕಿದಳು. ಅನ್ನಪೂರ್ಣವ್ವ.

"ಶಾಂತಿ ಹ್ಯಾಂಗ ಅದಾಳ್ರಿ ಅಣ್ಣಾರ?"

"ಉಳಕೊಂಡಾಳ್ರಿ."

"ಪುಣ್ಯಾ ಮಾಡೀರಿ. ಮತ್ತ..." ಅವರು ದನಿ ತಗ್ಗಿಸಿದರು. "ಆ ಪೆಸ್ಟ್‌ನವನ ನಂಬರ್ ಒಂದೀಟು ಕಳಸ್ರಿ. ನಮ್ಮ ಅಟ್ಟದಾಗೂ ಇಲಿ ಭಾಳ ಆಗ್ಯಾವ. ನಮ್ಮನ್ಯಾಗ ಹ್ಯಾಂಗೂ ನಾಯಿ ಇಲ್ಲ, ಪಾಪ ತಟ್ಟಂಗಿಲ್ಲ."