ಎದ್ದು ನಿಂತ ಸದನ

ಮಾಜಿ ಸೈನಿಕರಿಗೂ ಬೀಡಿ ಕಟ್ಟುವವರಿಗೂ ಮನೆ ಕೊಡುವ ಕಾನೂನು ಬರಲಿ ಎಂದು ಹಿರಿಯ ಶಾಸಕರೊಬ್ಬರು ತಾವು ಗೆದ್ದು ಬಂದ ಆರು ಸಲವೂ ಸದನದಲ್ಲಿ ಗಂಟಲು ಹರಿಯುವಂತೆ ಕೂಗಾಡಿದ್ದರು. ಕೊನೆಗೂ ಸರ್ಕಾರ ಒಪ್ಪಿ, ಮಸೂದೆಯನ್ನು ಇವತ್ತು ಮತಕ್ಕೆ ಹಾಕುವುದಿತ್ತು. ಬೆಳಿಗ್ಗೆ ಆ ಶಾಸಕರು ಎದೆನೋವು ಬಂದು ತೀರಿಕೊಂಡರು.

ಮೇಲೆ ಗ್ಯಾಲರಿಯಲ್ಲಿ ಬೀಡಿ ಕಟ್ಟುವ ಜೈನಾಬಿ, ಪಕ್ಕದಲ್ಲಿದ್ದ ಸೇನೆಯ ನಿವೃತ್ತ ಹವಾಲ್ದಾರ್ ಮಂದಣ್ಣನವರನ್ನು ಮೆಲ್ಲಗೆ ಕೇಳಿದಳು.

"ಇವತ್ತು ಪಾಸಾಗದಿದ್ದರೆ ಏನಾಗ್ತದೆ, ಹವಾಲ್ದಾರ್ರೇ?"

"ಈ ವಿಧಾನಸಭೆಗೆ ಇವತ್ತೇ ಕೊನೇ ದಿನ. ಆಮೇಲೆ ಚುನಾವಣೆ. ಮಸೂದೆ ಬಿದ್ದುಹೋಗ್ತದೆ."

"ಕೇಳುವವರೇ ಹೋಗಿಬಿಟ್ಟರಲ್ಲ."

"ಅದಕ್ಕೇ ಪಾಸಾಗ್ತದೆ ನೋಡಮ್ಮ. ಸತ್ತವರ ಆಸೆಗೆ ಯಾರು ಬೇಡ ಅಂತಾರೆ?"

ಕೆಳಗೆ ಮುಖ್ಯಮಂತ್ರಿ ಕಣ್ಣೊರೆಸಿಕೊಂಡರು. "ಬಡವರ ಸೂರಿಗಾಗಿ ಜೀವ ತೇದವರು," ಎಂದು ವಿರೋಧ ಪಕ್ಷದ ನಾಯಕರು ಗದ್ಗದಿತರಾದರು. ಇಡೀ ಸದನ ಎದ್ದು ಮೌನವಾಗಿ ನಿಂತಿತು. ಹವಾಲ್ದಾರರೂ ಎದ್ದು ಎದೆ ಸೆಟೆಸಿ ನಿಂತರು.

"ಇನ್ನು ಮನೆ ನಮ್ಮದೇ," ಎಂದು ಪಿಸುಗುಟ್ಟಿದರು.

ಬಾಗಿಲಲ್ಲಿದ್ದ ಮಾರ್ಷಲ್ ತುಟಿಯ ಮೇಲೆ ಬೆರಳಿಟ್ಟ. "ಇಲ್ಲಿ ಮಾತಾಡೋ ಹಾಗಿಲ್ಲ."

ಸಭಾಧ್ಯಕ್ಷರು ಮೈಕನ್ನು ಹತ್ತಿರ ಎಳೆದುಕೊಂಡರು.

"ಅಗಲಿದ ಹಿರಿಯ ಸದಸ್ಯರ ಗೌರವಾರ್ಥ, ಇಂದಿನ ಎಲ್ಲ ಕಲಾಪಗಳನ್ನೂ ಕೈಬಿಟ್ಟು, ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಲಾಗಿದೆ."