ಎಡಗಡೆಯ ಕಮಾನು ಪಟ್ಟಿ

ಡಾರ್ಕಸ್ ಬ್ಯಾಗ್‌ಶಾ ಬಾಗಿಲು ತಟ್ಟಲಿಲ್ಲ. ಶೆಡ್ಡಿನೊಳಗೆ ನುಗ್ಗಿದವಳೇ ತೋಳಲ್ಲಿದ್ದ ಕಬ್ಬಿಣವನ್ನು ಎನೋಕನ ಬೆಂಚಿನ ಮೇಲೆ ಧೊಪ್ಪೆಂದು ಕೆಡವಿದಳು. ಚಹಾದ ಮಗ್ಗು ಉರುಳಿತು.

“ಓದು,” ಎಂದಳು.

ಎಂಬತ್ತರ ಅಂಚಿನಲ್ಲಿದ್ದ ಎನೋಕ್ ಹೀತ್‌ಕೋಟ್ ಚೆಲ್ಲಿದ ಚಹಾವನ್ನು ನೋಡಿದ, ಆಮೇಲೆ ಕಬ್ಬಿಣವನ್ನು. ಹಳೆಯ ಕಾರೊಂದರ ಹಿಂಬದಿಯ, ಎಡಗಡೆಯ ಕಮಾನು ಪಟ್ಟಿ. ಹಿಂದಿನ ಚಕ್ರದ ಏಟನ್ನೆಲ್ಲ ತಾನು ತಿನ್ನುವ ಉಕ್ಕು. ಒಂದರಡಿ ಒಂದು ಜೋಡಿಸಿದ ಅದರ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ತುದಿಯ ಹತ್ತಿರ ಎರಡು ತುಂಡಾಗಿತ್ತು.

“ಯಾವ ಗಾಡೀದು ಅಂತ ಗೊತ್ತಾಯ್ತು ಮರಿ. ಮನೆಗೆ ತಗೊಂಡು ಹೋಗು.”

“ಮರಿ ಗಿರಿ ಅಂದ್ರೆ ನಾಲಿಗೆ ಕಿತ್ತುಬಿಡ್ತೀನಿ. ಓದು ಅಂದೆ.”

ಡರ್ಬಿಷೈರಿನ ಆ ಸುಣ್ಣಕಲ್ಲಿನ ಹಳ್ಳಿಯಲ್ಲಿ ಎನೋಕನೊಂದಿಗೆ ಯಾರಾದರೂ ನೆಟ್ಟಗೆ ಮಾತಾಡಿ ಇಪ್ಪತ್ತೆಂಟು ವರ್ಷವಾಗಿತ್ತು. 1957ರ ಮೇ ತಿಂಗಳಲ್ಲಿ ಡಾರ್ಕಸಳ ಅಪ್ಪ ಕ್ಲೆಮೆಂಟ್ ಈ ಕಾರಿನ ಸಮೇತ ಕಲ್ಲುಗಣಿಗೆ ಬಿದ್ದು ಸತ್ತ. ಕಾರನ್ನು ರಿಪೇರಿ ಮಾಡಿದ್ದವನು ಎನೋಕ್. ವಿಚಾರಣೆಯಲ್ಲಿ ಅವನೇ ಎದ್ದು ನಿಂತ. ಹೊಸದೆಂದು ಹೇಳಿ ಗುಜರಿಯ ಪಟ್ಟಿ ಹಾಕಿದ್ದೆ, ಅದು ಮುರಿದೇ ಗಾಡಿ ಹತೋಟಿ ತಪ್ಪಿದ್ದು ಎಂದ. ತಾನಾಗಿ ಒಪ್ಪಿಕೊಂಡವನ ಮಾತಿನ ಮೇಲೆ ಯಾರೂ ಪಟ್ಟಿಯನ್ನು ತಿರುಗಿಸಿ ನೋಡಲಿಲ್ಲ. ಎನೋಕ್ ಜೈಲಿಗೆ ಹೋಗಿ ಬಂದ. ಡಾರ್ಕಸಳ ಅಮ್ಮ ಅವನನ್ನು ಕಂಡಾಗಲೆಲ್ಲ ಉಗಿದಳು. ಮಗಳಿಗೂ ಉಗಿಯುವುದನ್ನು ಕಲಿಸಿದಳು.

ಅಮ್ಮ ಈ ಚಳಿಗಾಲದಲ್ಲಿ ತೀರಿಕೊಂಡಳು. ಗಣಿಯಿಂದ ಎತ್ತಿಸಿ ತಂದಾಗಿನಿಂದ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ತುಕ್ಕು ಹಿಡಿಯುತ್ತಿದ್ದ ಕಾರನ್ನು ಮುಟ್ಟಲು ಆಕೆ ಯಾರನ್ನೂ ಬಿಟ್ಟಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಕೈ ಪಳಗಿದ್ದ ಡಾರ್ಕಸ್ ಈಗ ಅದನ್ನು ಓಡಿಸಿಯೇ ಸೈ ಎಂದು ಹಟ ತೊಟ್ಟಿದ್ದಳು. ಬಲಗಡೆಯ ಪಟ್ಟಿಗೆ ಬಾಗು ಕೊಟ್ಟು, ಹೊಸ ಬುಷ್ ಹಾಕಿ ಕೂರಿಸಿದ್ದೂ ಆಗಿತ್ತು. ಎಡಗಡೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ, ಗ್ರೀಸಿನಡಿಯಿಂದ ಉಕ್ಕಿನಲ್ಲಿ ಒತ್ತಿದ್ದ ಅಂಕಿಗಳು ಎದ್ದು ಕಂಡವು.

“ಓದಲ್ವಾ? ನಾನೇ ಓದ್ತೀನಿ. ಮೂರು, ಐವತ್ತೇಳು. ಕಾರ್ಖಾನೆಯ ಮುದ್ರೆ. ಅಪ್ಪ ಸಾಯೋ ಎರಡು ತಿಂಗಳ ಮುಂಚೆ ತಯಾರಾದದ್ದು. ಗುಜರೀದಲ್ಲ, ಹೊಚ್ಚ ಹೊಸದು. ಮಾಡದ ತಪ್ಪನ್ನ ಯಾಕೆ ಒಪ್ಕೊಂಡೆ?”

“ವಯಸ್ಸಾಯ್ತು. ನೆನಪಿಲ್ಲ.”

“ನಂಗೆ ಗೊತ್ತು, ಕೇಳು. ಮುರಿದ ಜಾಗದಲ್ಲಿ ಮುಕ್ಕಾಲು ಪಾಲು ಗರಗಸದ ಗೆರೆ. ಇದು ಮುರಿದಿದ್ದಲ್ಲ, ಕೊಯ್ದದ್ದು! ಅಸಡ್ಡೆ ಅಂತ ಒಪ್ಕೊಂಡ್ರೆ ಜೈಲು. ಕೊಲೆ ಅಂತ ಬಯಲಾದ್ರೆ ನೇಣು. ಭಾರೀ ಜಾಣ ನೀನು. ಅಮ್ಮನ ಮೇಲೆ ಕಣ್ಣಿತ್ತಂತೆ ನಿಂಗೆ.”

ಎನೋಕ್ ಬೆಂಚನ್ನು ಒರೆಸುತ್ತಿದ್ದ. ಕೈ ನಿಲ್ಲಲಿಲ್ಲ.

“ಇತ್ತು,” ಎಂದ. “ಕೊಯ್ದದ್ದೂ ನಾನೇ. ಹೋಗು, ಪೊಲೀಸರನ್ನ ಕರ್ಕೊಂಡು ಬಾ.”

ಇಲ್ಲ ಎನ್ನುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದುಕೊಂಡು ಬಂದಿದ್ದಳು. ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಅವಳ ಮೈಯನ್ನು ಇನ್ನಷ್ಟು ಉರಿಸಿತು. ತುಂಡುಗಳನ್ನು ಬಾಚಿಕೊಂಡು ಹೊರಟಳು.

“ಅದನ್ನ ಇಲ್ಲೇ ಬಿಟ್ಟು ಹೋಗು,” ಎಂದ ಎನೋಕ್. ಮೊದಲ ಸಲ ದನಿಯಲ್ಲಿ ಗಾಬರಿಯಿತ್ತು.

ಡಾರ್ಕಸ್ ನಿಂತಳು. ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಟ್ಟಿಯ ಅಡಿಯಲ್ಲಿ ಉದ್ದಕ್ಕೆ ಆಳವಾದ ಗೀರೊಂದಿತ್ತು, ಗಣಿಯ ಬಂಡೆ ತರಚಿದ್ದು. ಒಂದು ತುಂಡಿನಲ್ಲಿ ಹೊರಟ ಗೀರು ಇನ್ನೊಂದರಲ್ಲಿ ಮುಂದುವರಿದಿತ್ತು. ಎರಡನ್ನೂ ಜೋಡಿಸಿ ಹಿಡಿದಳು. ಗೀರು ಕೂದಲೆಳೆಯಷ್ಟೂ ಸರಿಯದೆ ಕೂಡಿಕೊಂಡಿತು.

ಬಂಡೆಗೆ ಉಜ್ಜಿದಾಗ ಪಟ್ಟಿ ಇಡಿಯಾಗಿತ್ತು. ಗರಗಸ ಬಿದ್ದದ್ದು ಆಮೇಲೆ.

“ಗಾಡಿ ಬಿದ್ದ ಮೇಲೆ ಗಣಿಗಿಳಿದು ಕೊಯ್ದಿದ್ದೀಯ. ಚೆನ್ನಾಗಿದ್ದ ಪಟ್ಟೀನ!” ಅವಳ ದನಿ ಒಡೆಯಿತು. “ಯಾಕೆ? ಬೊಗಳು!”

“ಏನಾದ್ರೊಂದು ಮುರಿದಿರಬೇಕಿತ್ತು ಮರಿ. ಇಲ್ದಿದ್ರೆ ಪೊಲೀಸು, ಪಾದ್ರಿ, ಪೇಪರಿನೋರು ಎಲ್ಲಾ ನಿಮ್ಮಮ್ಮನ ಬೆನ್ನು ಹತ್ತುತಿದ್ರು. ಅಂಥ ಸಾವು ಆಗ ಅಪರಾಧ. ಮಣ್ಣು ಮಾಡುವಾಗ ಪ್ರಾರ್ಥನೇನೂ ಹೇಳ್ತಿರಲಿಲ್ಲ. ಅವಳು ತನ್ನನ್ನೇ ಶಪಿಸಿಕೊಂಡು ಸಾಯೋದಕ್ಕಿಂತ, ನನ್ನನ್ನ ಶಪಿಸಿಕೊಂಡು ಬದುಕಲಿ ಅಂದ್ಕೊಂಡೆ.”

“ಎಂಥ ಸಾವು?”

“ನಾನು ಸೈಕಲ್ಲಲ್ಲಿ ಹಿಂದೇನೇ ಬರ್ತಿದ್ದೆ,” ಎಂದ ಎನೋಕ್. “ನಿಮ್ಮಪ್ಪ ಗಾಡಿ ನಿಲ್ಲಿಸಿ, ಕೆಳಗಿಳಿದು, ಗಣಿಯ ಅಂಚಿನ ಗೇಟು ತಾನೇ ತೆಗೆದ, ಆಮೇಲೆ ವಾಪಸ್ ಹೋಗಿ ಗಾಡಿ ಹತ್ತಿದ.”