ಹೊಸ ಫೋನಿನ ಮೊದಲ ಕರೆ

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ವರ್ಷವಿಡೀ ಊರವರ ಬ್ಲೌಸ್ ಹೊಲಿದ ದುಡ್ಡಿನಲ್ಲಿ ಕೊಂಡ ಹೊಸ ಫೋನು ಮೊರದ ಪಕ್ಕದಲ್ಲೇ ಇತ್ತು.

"ಇವತ್ತೇ ಅಂಗಡಿಗೆ ವಾಪಸ್ ಕೊಟ್ಟು ಬಾ," ಎಂದ ಅಣ್ಣ. "ಹೆಣ್ಮಕ್ಕಳ ಕೈಗೆ ಫೋನ್ ಬಂದ್ರೆ ಮನೆ ಮಾನ ಬೀದಿಗೆ ಬಂದಂಗೆ."

"ಅವನು ಹೇಳೋದು ಸರಿ ಕಣೆ," ಎಂದಳು ಅವ್ವ. "ಪಕ್ಕದ್ಮನೆ ಸಿಂಚನಾನ ನೋಡು. ಯಾವನೋ ಹೆಸರು ಹೇಳದೋನು ದಿನಾ ಫೋನ್ ಮಾಡಿ ಹೊಲಸು ಮಾತಾಡ್ತಾನಂತೆ. ಹುಡುಗಿ ಕಾಲೇಜೇ ಬಿಟ್ಲು."

ಅವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. "ಅವನ ನಂಬರ್ ಸಿಂಚನಾ ಬರ್ಕೊಟ್ಟವ್ಳೆ. ಅವನಿಗೆ ನಾಲ್ಕು ಮಾತು ಉಗೀತೀನಿ. ಆಮೇಲೂ ವಾಪಸ್ ಕೊಡು ಅಂದ್ರೆ ಕೊಡ್ತೀನಿ."

"ಊರ ಉಸಾಬರಿ ನಿನಗ್ಯಾಕೆ? ಇಡು ಕೆಳಗೆ." ಅಣ್ಣ ಎದ್ದು ನಿಂತ.

ಅವಳು ಚೀಟಿ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದಳು.

ಗೂಡಿನಲ್ಲಿ ಚಾರ್ಜಿಗೆ ಹಾಕಿದ್ದ ಅಣ್ಣನ ಫೋನು ಸುಮ್ಮನೇ ಇತ್ತು. ಗೂಟಕ್ಕೆ ನೇತುಹಾಕಿದ್ದ ಅವನ ಪ್ಯಾಂಟಿನ ಜೇಬಿನೊಳಗೆ, ಮನೆಯಲ್ಲಿ ಯಾರೂ ಕಂಡಿರದ ಇನ್ನೊಂದು ಫೋನು ಹೊಡೆದುಕೊಳ್ಳತೊಡಗಿತು.

ಅವ್ವ ಪ್ಯಾಂಟಿನ ಕಡೆ ನೋಡಿದಳು, ಆಮೇಲೆ ಮಗನ ಕಡೆ.

"ಅಣ್ಣ, ಫೋನೆತ್ತು," ಎಂದಳು ಅವಳು.